ಬಿಡಾರದ ಸಂಜೆ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬುದು ಕನ್ನಡದ ಹಳೆಯ ಗಾದೆ. ದೇಶ ಸುತ್ತುವುದರಿಂದ ಕಣ್ಣು ಅರಳುತ್ತದೆ, ಮನಸ್ಸು ಹಿಗ್ಗುತ್ತದೆ, ಲೋಕಾನುಭವ ಬೆಳೆಯುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಪ್ರವಾಸದ ಮಾತು ಬಂದಾಗ ಜನರು ಹಗಲನ್ನು ಕುರಿತೇ ಹೆಚ್ಚಾಗಿ ಯೋಚಿಸುತ್ತಾರೆ. ಯಾವ ಬೆಟ್ಟವನ್ನು ಹತ್ತಬೇಕು, ಯಾವ ಜಲಪಾತವನ್ನು ನೋಡಬೇಕು, ಯಾವ ಗುಡಿಯ ಶಿಲ್ಪವನ್ನು ಕಾಣಬೇಕು ಎಂದು ಪಟ್ಟಿ ಮಾಡಿಕೊಳ್ಳುತ್ತಾರೆ. ಸೂರ್ಯನು ಮುಳುಗಿದ ಮೇಲೆ ಏನು ಎಂಬ ಪ್ರಶ್ನೆ ಆ ಪಟ್ಟಿಯಲ್ಲಿ ಇರುವುದಿಲ್ಲ. ಹಗಲಿನಲ್ಲಿ ನಿಸರ್ಗವೇ ಮನುಷ್ಯನನ್ನು ರಂಜಿಸುತ್ತದೆ. ಇರುಳಾದೊಡನೆ ಬೆಟ್ಟವೂ ಕಣಿವೆಯೂ ಕತ್ತಲೆಯಲ್ಲಿ ಕರಗುತ್ತವೆ. ಉಳಿಯುವುದು ಒಂದು ದೀಪ, ಅದರ ಸುತ್ತ ಕುಳಿತ ನಾಲ್ಕಾರು ಜನ. ಆ ನಾಲ್ಕಾರು ಜನರು ಒಬ್ಬರಿಗೊಬ್ಬರು ಏನಾಗಿದ್ದಾರೆ ಎಂಬುದು ತಿಳಿಯುವುದು ಆ ಹೊತ್ತಿನಲ್ಲಿಯೇ.

ಮನೆಯಿಂದ ದೂರ ಬಂದು ಬಯಲಿನಲ್ಲಿ ಬಿಡಾರ ಹೂಡುವುದು ಕನ್ನಡ ನಾಡಿಗೆ ಹೊಸದೇನೂ ಅಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಉತ್ತರ ಕರ್ನಾಟಕದ ರೈತ ಕುಟುಂಬಗಳು ಚಕ್ಕಡಿ ಕಟ್ಟಿಕೊಂಡು, ಬುತ್ತಿ ಗಂಟು ಹೇರಿಕೊಂಡು ಬರುವ ರೂಢಿ ಹಲವು ತಲೆಮಾರುಗಳದು. ದಾರಿಯಲ್ಲಿ ಹೊತ್ತು ಮುಳುಗಿದರೆ ಎತ್ತುಗಳ ಕೊರಳು ಬಿಚ್ಚಿ, ಮೂರು ಕಲ್ಲು ಹೂಡಿ, ಅಲ್ಲಿಯೇ ಅಡುಗೆ ಮಾಡಿ ಉಣ್ಣುತ್ತಿದ್ದರು. ಊಟದ ಬಳಿಕ ಚೌಡಿಕೆಯ ನಾದದೊಡನೆ ದೇವಿಯ ಪದಗಳು ಕೇಳಿಬರುತ್ತಿದ್ದವು. ದಕ್ಷಿಣದಲ್ಲಿ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಭಕ್ತರಿದ್ದಾರೆ. ಮಹದೇಶ್ವರನ ಮಹಿಮೆಯನ್ನು ಇರುಳೆಲ್ಲ ಕಂಸಾಳೆ ಹಿಡಿದು ಹಾಡಬಲ್ಲ ದೇವರಗುಡ್ಡರಿದ್ದಾರೆ. ಯುಗಾದಿಗೆ ಮುಂಚೆ ಶ್ರೀಶೈಲದ ಹಾದಿ ಹಿಡಿಯುವ ಪಾದಯಾತ್ರಿಕರೂ ನಡುದಾರಿಯಲ್ಲಿ ತಂಗುತ್ತಾರೆ. ಆ ಹಿಂದಿನ ಯಾತ್ರಿಕರು ಗಂಟುಮೂಟೆಯಲ್ಲಿ ಅಕ್ಕಿ ಬೇಳೆಗಳನ್ನು ಕಟ್ಟಿಕೊಂಡು ಹೋಗುತ್ತಿದ್ದರೇ ಹೊರತು ಮನರಂಜನೆಯನ್ನು ಕಟ್ಟಿಕೊಂಡು ಹೋಗುತ್ತಿರಲಿಲ್ಲ. ಅದು ಅವರ ನಾಲಿಗೆಯ ಮೇಲಿತ್ತು, ಕೈಬೆರಳುಗಳಲ್ಲಿತ್ತು, ನೆನಪಿನಲ್ಲಿತ್ತು.

ಇಂದು ಬಿಡಾರದ ರೀತಿ ಬದಲಾಗಿದೆ. ರಜೆ ಬಂದೊಡನೆ ಪಟ್ಟಣದ ಕುಟುಂಬಗಳು ಡೇರೆ, ಜಮಖಾನ, ಅನಿಲದ ಒಲೆಗಳನ್ನು ಕಾರಿನಲ್ಲಿಟ್ಟುಕೊಂಡು ನದಿಯ ದಂಡೆಗೋ ಕಾಫಿ ತೋಟಕ್ಕೋ ಬೆಟ್ಟದ ಬುಡಕ್ಕೋ ಹೋಗುತ್ತವೆ. ಇದು ಸಂತೋಷದ ಸಂಗತಿ. ಆದರೆ ಅಲ್ಲಿ ಸಂಜೆ ಕಾಣುವ ನೋಟ ಹಲವು ವೇಳೆ ಹೀಗಿರುತ್ತದೆ: ತಂದೆಯ ಕೈಯಲ್ಲಿ ಒಂದು ಮೊಬೈಲು, ತಾಯಿಯ ಕೈಯಲ್ಲಿ ಒಂದು, ಅಣ್ಣತಂಗಿಯರ ನಡುವೆ ಇನ್ನೊಂದಕ್ಕಾಗಿ ಜಗಳ. ಅಜ್ಜಿಯೊಬ್ಬರು ಮಾತ್ರ ಬರಿಗೈಯಲ್ಲಿ ಕುಳಿತು ಪ್ರತಿಯೊಬ್ಬರ ಮುಖವನ್ನೂ ಸರದಿಯಂತೆ ನೋಡುತ್ತಿರುತ್ತಾರೆ. ಗುಡ್ಡದ ಮರೆಯಲ್ಲಿ ಸಿಗ್ನಲ್ ದೊರೆಯದಿದ್ದರೆ, ಅಥವಾ ಬ್ಯಾಟರಿ ಬರಿದಾದರೆ, ‘ಇಲ್ಲಿ ಮಾಡಲು ಏನೂ ಇಲ್ಲ’ ಎಂಬ ಗೊಣಗಾಟ ಕೇಳಿಬರುತ್ತದೆ. ನೂರಾರು ಮೈಲಿ ದೂರ ಬಂದ ಕುಟುಂಬವು ಮನೆಯ ಸಂಜೆಯನ್ನೇ ಡೇರೆಯೊಳಗೆ ತಂದಿಟ್ಟುಕೊಂಡಂತಾಯಿತು. ಸ್ಥಳ ಬದಲಾಯಿತು, ಸಂಜೆ ಬದಲಾಗಲಿಲ್ಲ.

ಮನರಂಜನೆಯಲ್ಲಿ ಎರಡು ಬಗೆ. ಒಂದು, ಇತರರು ಸಿದ್ಧಪಡಿಸಿದ್ದನ್ನು ಕುಳಿತು ಸ್ವೀಕರಿಸುವುದು. ಚಲನಚಿತ್ರ, ದೂರದರ್ಶನ, ಮೊಬೈಲಿನ ಆಟ ಇವೆಲ್ಲ ಈ ಬಗೆಗೆ ಸೇರಿದವು. ಇನ್ನೊಂದು, ಕುಳಿತವರೇ ಕೂಡಿ ಕಟ್ಟಿಕೊಳ್ಳುವುದು. ಮಾತು, ಕಥೆ, ಒಗಟು, ಹಾಡು, ಆಟ ಈ ಎರಡನೆಯ ಬಗೆಯವು. ಮೊದಲನೆಯದು ಕೆಟ್ಟದ್ದೆಂದು ಹೇಳಲಾಗದು; ಒಳ್ಳೆಯ ಚಲನಚಿತ್ರವು ಮನುಷ್ಯನಿಗೆ ಸಂಸ್ಕಾರವನ್ನು ನೀಡಬಲ್ಲುದು. ಆದರೆ ಅದರಲ್ಲಿ ನೋಡುವವನು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅವನು ಎದ್ದುಹೋದರೂ ಚಿತ್ರ ನಿಲ್ಲುವುದಿಲ್ಲ. ಎರಡನೆಯ ಬಗೆಯಲ್ಲಿ ಹಾಗಲ್ಲ. ಚೌಕಾಬಾರದ ನಾಲ್ವರಲ್ಲಿ ಒಬ್ಬನು ಎದ್ದುಹೋದರೆ ಆಟ ಕುಂಟುತ್ತದೆ. ಕೇಳುವವರು ಆಕಳಿಸಿದರೆ ಕಥೆ ಬಾಡುತ್ತದೆ. ಇಲ್ಲಿ ಪ್ರತಿಯೊಬ್ಬರೂ ಬೇಕಾದವರು. ಕುಟುಂಬವೆಂಬುದು ಒಂದೇ ಸೂರಿನ ಕೆಳಗೆ ಮಲಗುವವರ ಹೆಸರಲ್ಲ. ಒಬ್ಬರಿಗೊಬ್ಬರು ಬೇಕಾದವರ ಹೆಸರು. ಆದುದರಿಂದಲೇ ಬಿಡಾರದ ಸಂಜೆಗೆ ಎರಡನೆಯ ಬಗೆಯ ಮನರಂಜನೆ ಹೆಚ್ಚು ಒಪ್ಪುತ್ತದೆ.

ಇಂಥ ಸಂಜೆಗೆ ಬೇಕಾದ ಸಲಕರಣೆ ಬಹು ಸ್ವಲ್ಪ. ಮೊದಲನೆಯದು ಮಾತು. ಹಗಲೆಲ್ಲ ಒಂದೇ ಹಾದಿಯಲ್ಲಿ ನಡೆದವರು ಒಂದೇ ನೋಟವನ್ನು ಕಂಡಿರುತ್ತಾರೆ ಎಂದು ತಿಳಿಯಬಾರದು. ‘ಇಂದು ಉಳಿದವರು ಯಾರೂ ಗಮನಿಸದ ಒಂದು ಸಂಗತಿಯನ್ನು ಹೇಳಬೇಕು’ ಎಂಬ ನಿಯಮವನ್ನಿಟ್ಟು ದೀಪದ ಸುತ್ತ ಸರದಿ ನಡೆಸಿದರೆ ಇದು ತಿಳಿದುಬರುತ್ತದೆ. ತಂದೆಯು ಬಂಡೆಯ ಪದರವನ್ನು ನೋಡಿರುತ್ತಾನೆ. ತಾಯಿಯು ದಾರಿಬದಿಯ ಮನೆಯಂಗಳದಲ್ಲಿ ಒಣಹಾಕಿದ್ದ ಅಡಕೆಯನ್ನು ಕಂಡಿರುತ್ತಾಳೆ. ಆರು ವರ್ಷದ ಮಗುವು ಎಲೆಯ ಅಡಿಯಲ್ಲಿದ್ದ ಇರುವೆಯ ಸಾಲನ್ನು ಹಿಂಬಾಲಿಸಿರುತ್ತದೆ. ಸಸ್ಯಶಾಸ್ತ್ರಜ್ಞರಾದ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಗಿಡಮರಗಳನ್ನು ಅರಸಿ ಕಾಡುಮೇಡುಗಳಲ್ಲಿ ಅಲೆದ ಅನುಭವವನ್ನು ‘ಹಸುರು ಹೊನ್ನು’ ಎಂಬ ಕೃತಿಯಲ್ಲಿ ಬರೆದರು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ಲಭಿಸಿತು. ಶಾಸ್ತ್ರವೂ ವಿನೋದವೂ ಅದರಲ್ಲಿ ಬೆರೆತಿವೆ. ಹಗಲು ಕಂಡದ್ದನ್ನು ಸೊಗಸಾಗಿ ಹೇಳಬಲ್ಲವನಿಗೆ ಒಂದು ಗಿಡದ ಎಲೆಯೂ ಕಥೆಯ ವಸ್ತುವಾಗಬಲ್ಲುದು ಎಂಬುದಕ್ಕೆ ಆ ಕೃತಿಯೇ ಸಾಕ್ಷಿ.

ಎರಡನೆಯದು ಕಥೆ. ಅಜ್ಜ ಅಜ್ಜಿಯರು ಜೊತೆಗಿದ್ದರೆ ಆ ಬಿಡಾರಕ್ಕೆ ಬೇರೆ ಭಂಡಾರ ಬೇಕಾಗಿಲ್ಲ. ಅವರು ಬಲ್ಲ ಕಥೆಗಳಲ್ಲಿ ಬಹುಪಾಲು ಯಾವ ಪುಸ್ತಕದಲ್ಲಿಯೂ ಅಚ್ಚಾಗಿರುವುದಿಲ್ಲ. ಊರ ಕೆರೆ ಕಟ್ಟಿದ ಬಗೆ, ಬರಗಾಲದ ವರ್ಷ ಮನೆಯವರು ಬದುಕಿದ ರೀತಿ, ಮದುವೆಯ ದಿಬ್ಬಣದ ಬಂಡಿ ಹೊಳೆಯಲ್ಲಿ ಸಿಕ್ಕಿಕೊಂಡ ಪ್ರಸಂಗ, ಇವೆಲ್ಲ ಒಂದು ಕುಟುಂಬದ ಚರಿತ್ರೆ. ಪುಸ್ತಕವನ್ನು ಕಪಾಟಿನಲ್ಲಿಟ್ಟರೆ ಐವತ್ತು ವರ್ಷಗಳ ಅನಂತರವೂ ತೆಗೆದು ಓದಬಹುದು. ಬಾಯಿಮಾತಿನ ಕಥೆಗೆ ಆ ಸೌಕರ್ಯವಿಲ್ಲ. ಅದು ಬದುಕುವುದು ಕೇಳುವವರ ಕಿವಿಯಿಂದ. ಒಂದು ತಲೆಮಾರು ಕೇಳದೆ ಬಿಟ್ಟರೆ ಮುಂದಿನ ತಲೆಮಾರಿಗೆ ಕೇಳಲು ಏನೂ ಉಳಿಯುವುದಿಲ್ಲ. ಮನೆಯಲ್ಲಿ ಶಾಲೆ, ಕಚೇರಿ, ಪರೀಕ್ಷೆಗಳ ಗಡಿಬಿಡಿಯ ನಡುವೆ ಹಿರಿಯರನ್ನು ಕೇಳಲು ಯಾರಿಗೂ ಪುರಸತ್ತು ಇರುವುದಿಲ್ಲ. ಬಿಡಾರದಲ್ಲಿ ಪುರಸತ್ತೇ ಪುರಸತ್ತು. ಆ ಹೊತ್ತನ್ನೂ ಕಳೆದುಕೊಂಡರೆ ನಷ್ಟವಾಗುವುದು ಒಂದು ಸಂಜೆ ಮಾತ್ರವಲ್ಲ.

ಹಿರಿಯರಿಲ್ಲದ ಕುಟುಂಬವು ಕಥೆಯನ್ನು ತಾನೇ ಹೆಣೆಯಬಹುದು. ಒಬ್ಬರು ಒಂದು ವಾಕ್ಯ ಹೇಳಬೇಕು; ಪಕ್ಕದವರು ಅದನ್ನು ಮುಂದುವರಿಸಬೇಕು; ಹೀಗೆ ಸುತ್ತು ಸಾಗಬೇಕು. ಮೂರು ಸುತ್ತು ಮುಗಿಯುವುದರೊಳಗೆ ಕಥೆಯ ರಾಜನು ಡೇರೆಯ ಗೂಟಕ್ಕೆ ಎಡವಿ ಬಿದ್ದಿರುತ್ತಾನೆ, ಮಂತ್ರಿಯು ಅವಲಕ್ಕಿಯ ಡಬ್ಬಿಯನ್ನು ಕದ್ದಿರುತ್ತಾನೆ. ನಗುವಿನ ನಡುವೆಯೇ ಮಕ್ಕಳಿಗೆ ಮಾತಿನ ಹದ ತಿಳಿಯುತ್ತದೆ. ಒಗಟುಗಳ ವಿಷಯವೂ ಹಾಗೆಯೇ. ಹಳೆಯ ಒಗಟುಗಳನ್ನು ಬಿಡಿಸುವುದು ಒಂದು ಸುಖ. ಹೊಸದನ್ನು ಕಟ್ಟುವುದು ಅದಕ್ಕಿಂತ ಮಿಗಿಲಾದ ಸುಖ. ಕಣ್ಣೆದುರಿಗಿರುವ ವಸ್ತುವನ್ನೇ ಹಿಡಿದು, ‘ಬಾಗಿಲುಂಟು, ಕದವಿಲ್ಲ; ಗೋಡೆಯುಂಟು, ಇಟ್ಟಿಗೆಯಿಲ್ಲ; ಬೆಳಗಾದರೆ ಮನೆಯೇ ಹೆಗಲ ಮೇಲೆ’ ಎಂದು ಒಬ್ಬ ಹುಡುಗಿ ಹೇಳಿದರೆ, ಉಳಿದವರು ತಾವು ಕುಳಿತಿರುವ ಡೇರೆಯನ್ನು ಬಿಟ್ಟು ಊರೆಲ್ಲ ಹುಡುಕಿ ಬರುತ್ತಾರೆ. ಹಾಡಲು ಬಲ್ಲವರಿಗೆ ಅಂತ್ಯಾಕ್ಷರಿಯುಂಟು. ಹಾಡಲು ಸಂಕೋಚಪಡುವವರು ಹಾಡಿನ ಬದಲು ಊರುಗಳ ಹೆಸರನ್ನೋ ಮರಗಳ ಹೆಸರನ್ನೋ ಅದೇ ನಿಯಮದಂತೆ ಹೇಳಬಹುದು.

ಮೂರನೆಯದು ಮನೆ ಬರೆದು ಆಡುವ ಆಟಗಳು. ಇವುಗಳಲ್ಲಿ ಚೌಕಾಬಾರಕ್ಕೆ ಮೊದಲ ಸ್ಥಾನ ಸಲ್ಲಬೇಕು. ಒಂದು ಸುಣ್ಣದ ಕಡ್ಡಿಯಿಂದ ಬಂಡೆಯ ಮೇಲೆ, ಇಲ್ಲವೇ ಕಡ್ಡಿಯ ತುದಿಯಿಂದ ಮಣ್ಣಿನಲ್ಲಿ, ಐದು ಸಾಲು ಐದು ಕಂಬಗಳಂತೆ 25 ಮನೆಗಳನ್ನು ಬರೆದರೆ ಹಾಸು ಸಿದ್ಧವಾಯಿತು. ನಾಲ್ಕು ಕವಡೆ ಬೇಕು. ಕವಡೆ ಇಲ್ಲದಿದ್ದರೆ ಹುಣಸೆಬೀಜಗಳನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲನ್ನು ಬೆಳ್ಳಗೆ ಮಾಡಿಕೊಂಡರೆ ಸಾಕು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲಾದರೆ ಬಾರ, ಎಂದರೆ ಎಂಟು. ಎದುರಾಳಿಯ ಕಾಯನ್ನು ಹೊಡೆದವನಿಗೆ ಒಳಮನೆಗಳ ದಾರಿ ತೆರೆಯುತ್ತದೆ. ನಡುಮನೆಯನ್ನು ಸೇರಿದ ಕಾಯಿ ಹಣ್ಣಾಗುತ್ತದೆ. ಬೀಜದ ಎರಡು ಮಗ್ಗುಲುಗಳೂ ಸಮವಾಗಿ ಬೀಳುವುದಾದರೆ ಎರಡು ಬೀಳುವ ಸಾಧ್ಯತೆ 16ರಲ್ಲಿ 6. ಚೌಕವಾಗಲಿ ಬಾರವಾಗಲಿ ಬೀಳುವ ಸಾಧ್ಯತೆ 16ರಲ್ಲಿ ಒಂದೊಂದೇ. ಶಾಲೆಯ ಗಣಿತದಲ್ಲಿ ಇದನ್ನು ಕಲಿಯುವ ಮುನ್ನವೇ ಹಳ್ಳಿಯ ಅಜ್ಜಿಯರು ಇದನ್ನು ಅನುಭವದಿಂದ ಬಲ್ಲವರಾಗಿದ್ದರು. ಬಾರಕ್ಕಾಗಿ ಕಾದು ಕುಳಿತ ಮೊಮ್ಮಗನನ್ನು ನೋಡಿ ನಗುತ್ತಿದ್ದರು.

ಹುಲಿ-ಕುರಿ ಆಟವು ಅದೃಷ್ಟವನ್ನು ನಂಬದು. ಅದು ಬುದ್ಧಿಯ ಆಟ. ಮೂರು ಹುಲಿ, ಹದಿನೈದು ಕುರಿ ಎಂಬುದು ಒಂದು ಬಗೆಯ ರೂಢಿ. ಮೂರು ದೊಡ್ಡ ಹರಳು, ಹದಿನೈದು ಸಣ್ಣ ಹರಳುಗಳನ್ನು ಆರಿಸಿಕೊಂಡರೆ ಆಟ ಮೊದಲಾಗಬಹುದು. ಹುಲಿಯು ಕುರಿಯ ಮೇಲೆ ಹಾರಿ ಅದನ್ನು ತಿನ್ನುತ್ತದೆ. ಒಂಟಿ ಕುರಿಗೆ ಉಳಿವಿಲ್ಲ. ಆದರೆ ಕುರಿಗಳು ಒಂದರ ಬೆನ್ನಿಗೆ ಒಂದು ನಿಂತರೆ ಹುಲಿಗೆ ಹಾರಲು ತೆರಪಿಲ್ಲದೆ ಅದು ನಿಂತಲ್ಲಿಯೇ ಸೆರೆಯಾಗುತ್ತದೆ. ಒಗ್ಗಟ್ಟಿನ ಬಲವನ್ನು ಉಪದೇಶದಿಂದ ಕಲಿಸುವುದು ಕಷ್ಟ. ಈ ಆಟದಲ್ಲಿ ಅದು ತಾನಾಗಿ ಅರಿವಾಗುತ್ತದೆ. ಹಂಪಿಯ ಗುಡಿ ಮಂಟಪಗಳ ಹಾಸುಬಂಡೆಗಳ ಮೇಲೆ ಇಂಥ ಆಟದ ಮನೆಗಳನ್ನು ಕೊರೆದಿರುವುದನ್ನು ಇಂದಿಗೂ ಕಾಣಬಹುದು. ಕೊರೆದವರು ಯಾರೋ, ಆಡಿದವರು ಯಾರೋ. ಆ ಬಂಡೆಗಳ ಮೇಲೆ ಕುಳಿತು ಹೊತ್ತು ಕಳೆದ ಜನರ ನೆನಪನ್ನು ಆ ಗೆರೆಗಳು ಉಳಿಸಿಕೊಂಡಿವೆ. ಅಳಿಗುಳಿಮಣೆಗೆ ಮರದ ಮಣೆಯೇ ಬೇಕೆಂದಿಲ್ಲ. ಮಣ್ಣಿನಲ್ಲಿ ಎದುರುಬದುರಾಗಿ ಏಳೇಳು, ಒಟ್ಟು 14 ಕುಳಿಗಳನ್ನು ತೋಡಿ, ಹುಣಸೆಬೀಜಗಳನ್ನು ಹಂಚಿದರೆ ಇಬ್ಬರಿಗೆ ಒಂದು ಗಂಟೆ ಕಳೆದದ್ದೇ ತಿಳಿಯದು. ತುಳುನಾಡಿನಲ್ಲಿ ಇದೇ ಬಗೆಯ ಆಟಕ್ಕೆ ಚೆನ್ನೆಮಣೆ ಎಂದು ಹೆಸರು.

ನಾಲ್ಕನೆಯದು ನೆರಳಿನ ಆಟ. ಡೇರೆಯ ಒಳಗೆ ದೀಪವಿಟ್ಟು, ಅದರ ಮುಂದೆ ಕೈಬೆರಳುಗಳನ್ನು ಹೆಣೆದು ಹಿಡಿದರೆ ಬಟ್ಟೆಯ ಗೋಡೆಯ ಮೇಲೆ ಮೊಲ ಓಡುತ್ತದೆ, ಹಕ್ಕಿ ಹಾರುತ್ತದೆ, ನಾಯಿ ಬೊಗಳುತ್ತದೆ. ಕೈ ದೀಪದ ಹತ್ತಿರ ಸರಿದಂತೆ ನೆರಳು ಹಿಗ್ಗುತ್ತದೆ, ಗೋಡೆಯ ಹತ್ತಿರ ಸರಿದಂತೆ ಕುಗ್ಗಿ ಸ್ಪಷ್ಟವಾಗುತ್ತದೆ. ಕರ್ನಾಟಕದ ತೊಗಲುಗೊಂಬೆಯಾಟದ ಮರ್ಮವೂ ಇದೇ. ಹದಮಾಡಿದ ಚರ್ಮದ ಬಣ್ಣದ ಗೊಂಬೆಗಳನ್ನು ಬಿಳಿಯ ಪರದೆಗೆ ಒತ್ತಿ, ಹಿಂದಿನಿಂದ ಬೆಳಕು ಬಿಟ್ಟು, ಕಿಳ್ಳೇಕ್ಯಾತ ಕಲಾವಿದರು ರಾಮಾಯಣ ಮಹಾಭಾರತಗಳನ್ನು ಹಳ್ಳಿಹಳ್ಳಿಗಳಲ್ಲಿ ಇರುಳೆಲ್ಲ ಆಡಿ ತೋರಿಸಿದರು. ಒಂದು ದೀಪ, ಒಂದು ಬಟ್ಟೆ, ಒಂದು ಕಂಠ. ಇಷ್ಟರಿಂದಲೇ ಲಂಕೆಯನ್ನು ಸುಡಬಲ್ಲ ಕಲೆ ಅವರದಾಗಿತ್ತು.

ಇನ್ನು ದೀಪವನ್ನೂ ಆರಿಸಿದ ಮೇಲೆ ತೆರೆದುಕೊಳ್ಳುವ ರಂಗಸ್ಥಳವೊಂದಿದೆ. ಅದು ಆಕಾಶ. ಪಟ್ಟಣದ ದೀಪಗಳ ಹೊಳಪಿನಲ್ಲಿ ನಕ್ಷತ್ರಗಳು ಮರೆಯಾಗಿರುತ್ತವೆ. ಬಿಡಾರದ ಕತ್ತಲೆಯಲ್ಲಿ ಅವು ಕೈಗೆಟಕುವಂತೆ ತೋರುತ್ತವೆ. ಜನವರಿಯ ಸಂಜೆ ಪೂರ್ವದ ಕಡೆ ಮೇಲಕ್ಕೆ ನೋಡಿದರೆ ಒಂದೇ ಸಾಲಿನಲ್ಲಿ ಮೂರು ನಕ್ಷತ್ರಗಳು ಕಾಣುತ್ತವೆ. ಅದು ಮಹಾವ್ಯಾಧನ ನಡುಪಟ್ಟಿ. ಆ ಗೆರೆಯನ್ನು ಕೆಳಗೆ ಎಳೆದರೆ ಲುಬ್ಧಕ ಸಿಗುತ್ತದೆ. ಮೇಲಕ್ಕೆ ಎಳೆದರೆ ಕೆಂಪು ಛಾಯೆಯ ರೋಹಿಣಿ, ಅದರಾಚೆ ಗೊಂಚಲಾಗಿ ಕೃತ್ತಿಕೆ. ಇರುಳಿನ ನಕ್ಷತ್ರಗಳಲ್ಲೆಲ್ಲ ಅತ್ಯಂತ ಪ್ರಕಾಶಮಾನವಾದ ಲುಬ್ಧಕದಿಂದ ಬೆಳಕು ಭೂಮಿಗೆ ಬರಲು ಎಂಟೂವರೆ ವರ್ಷಗಳಿಗೂ ಮೇಲ್ಪಟ್ಟ ಕಾಲ ಹಿಡಿಯುತ್ತದೆ. ಇಂದು ಒಂಬತ್ತನೆಯ ತರಗತಿಯ ವಿದ್ಯಾರ್ಥಿಯ ಕಣ್ಣನ್ನು ಸೇರಿದ ಆ ಕಿರಣವು ಅಲ್ಲಿಂದ ಹೊರಟಾಗ ಅವನು ಅಕ್ಷರ ತಿದ್ದುತ್ತಿದ್ದ ಮಗು. ರೋಹಿಣಿ, ಮೃಗಶಿರ, ಆರ್ದ್ರೆ ಎಂಬ ಹೆಸರುಗಳನ್ನು ರೈತರು ಮಳೆಯ ಹೆಸರುಗಳಾಗಿ ಬಲ್ಲರು. ಸೂರ್ಯನು ಯಾವ ನಕ್ಷತ್ರದಲ್ಲಿರುವನೋ ಆ ಹದಿಮೂರು ಹದಿನಾಲ್ಕು ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಬೇಸಗೆಯ ಕೊನೆಗೆ ಹೊಲಕ್ಕೆ ಇಳಿಯುವ ರೋಹಿಣಿ ಮಳೆಯ ಹೆಸರಿನ ನಕ್ಷತ್ರವನ್ನು ಚಳಿಗಾಲದ ಇರುಳಿನಲ್ಲಿ ಬೆರಳಿಟ್ಟು ತೋರಿಸಬಹುದು.

ಏಪ್ರಿಲ್ ಮೇ ತಿಂಗಳ ರಜೆಯಲ್ಲಿ ಬಿಡಾರ ಹೂಡಿದವರಿಗೆ ಉತ್ತರದಲ್ಲಿ ಸಪ್ತರ್ಷಿಮಂಡಲವು ಎತ್ತರಕ್ಕೆ ಏರಿರುತ್ತದೆ. ಅದರ ಪುಲಹ ಮತ್ತು ಕ್ರತು ಎಂಬ ಎರಡು ನಕ್ಷತ್ರಗಳನ್ನು ಕೂಡಿಸುವ ಗೆರೆಯನ್ನು ಕ್ರತುವಿನ ಕಡೆಗೆ ಐದು ಪಟ್ಟು ಮುಂದುವರಿಸಿದರೆ ಧ್ರುವನು ದೊರೆಯುತ್ತಾನೆ. ಧ್ರುವನು ದಿಗಂತದಿಂದ ಎಷ್ಟು ಅಂಶ ಮೇಲಿರುವನೋ ಸುಮಾರಾಗಿ ಅಷ್ಟೇ ಆ ಸ್ಥಳದ ಅಕ್ಷಾಂಶ. ನೀಳವಾಗಿ ಚಾಚಿದ ಕೈಯ ಮುಷ್ಟಿಯ ಅಗಲವು ಆಕಾಶದಲ್ಲಿ ಸುಮಾರು ಹತ್ತು ಅಂಶ. ಮೈಸೂರಿನ ಬಳಿ ಇರುವವರಿಗೆ ಧ್ರುವನು ಒಂದೂಕಾಲು ಮುಷ್ಟಿ ಎತ್ತರದಲ್ಲಿ, ಬೀದರಿನ ಬಳಿ ಇರುವವರಿಗೆ ಎರಡು ಮುಷ್ಟಿಗೆ ತುಸು ಕಡಿಮೆ ಎತ್ತರದಲ್ಲಿ ಕಾಣಿಸುತ್ತಾನೆ. ಭೂಗೋಳದ ಪುಸ್ತಕದಲ್ಲಿ ಬಾಯಿಪಾಠ ಮಾಡಿದ ಅಕ್ಷಾಂಶವು ಹೀಗೆ ಬರಿಗೈಯ ಅಳತೆಗೆ ಸಿಕ್ಕಿದಾಗ ಆಗುವ ಆನಂದವು ಯಾವ ಆಟಕ್ಕೂ ಕಡಿಮೆಯಲ್ಲ.

ಕೊನೆಯದು ಕೇಳುವ ಆಟ. ಐದು ನಿಮಿಷ ಯಾರೂ ಮಾತನಾಡಬಾರದು. ಕಣ್ಣು ಮುಚ್ಚಿ, ಕೇಳಿದ ಪ್ರತಿಯೊಂದು ಸದ್ದಿಗೂ ಒಂದೊಂದು ಬೆರಳು ಮಡಚಬೇಕು. ಮೊದಲು ಜೀರುಂಡೆಯ ಸದ್ದು ಮಾತ್ರ ಇದ್ದಂತೆ ತೋರುತ್ತದೆ. ಬರಬರುತ್ತ ದೂರದ ನೀರಿನ ಸದ್ದು, ಒಣಗಿದೆಲೆಯ ಮೇಲೆ ಹರಿದಾಡಿದ ಏನೋ ಒಂದು, ಗೂಬೆಯ ಕೂಗು, ಕಾಡಂಚಿನಲ್ಲಿ ಬೆದರಿದ ಕಡವೆಯ ಕರೆ, ಒಂದೊಂದಾಗಿ ಬಿಡಿಯಾಗುತ್ತವೆ. ಸುಮ್ಮನಿರುವುದನ್ನು ಮಕ್ಕಳಿಗೆ ಗದರಿಸಿ ಕಲಿಸಲಾಗದು. ಈ ಆಟದಲ್ಲಿ ಅವರು ತಾವಾಗಿ ಸುಮ್ಮನಾಗುತ್ತಾರೆ.

ಬಿಡಾರವೆಂದರೆ ಬೆಂಕಿಯ ಸುತ್ತ ಕೂಡುವುದು ಎಂಬ ಭಾವನೆ ಹಲವರಲ್ಲಿದೆ. ಅದಕ್ಕೆ ಕಾರಣವೂ ಉಂಟು. 1907ರಲ್ಲಿ ಬೇಡನ್ ಪೊವೆಲ್ ಅವರು ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬಾಲಕರ ಪ್ರಾಯೋಗಿಕ ಶಿಬಿರವನ್ನು ನಡೆಸಿದಾಗ ಇರುಳಿನಲ್ಲಿ ಬೆಂಕಿಯ ಸುತ್ತ ಕಥೆ ಹೇಳುತ್ತಿದ್ದರು. ಮರುವರ್ಷ ಪ್ರಕಟವಾದ ಅವರ ಸ್ಕೌಟ್ ಕೈಪಿಡಿಯ ಅಧ್ಯಾಯಗಳಿಗೂ ಶಿಬಿರಾಗ್ನಿಯ ಕಥೆಗಳೆಂಬ ಹೆಸರನ್ನೇ ಇಟ್ಟರು. ಆ ಪದ್ಧತಿಯು ಸ್ಕೌಟ್ ಮತ್ತು ಗೈಡ್ ದಳಗಳ ಮೂಲಕ ಕರ್ನಾಟಕದ ಶಾಲೆಗಳಿಗೂ ಬಂದಿತು. ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತು ಅವಶ್ಯ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಬೆಂಕಿಗೆ ಆಹುತಿಯಾಯಿತು. ಬೇಸಗೆಯ ಒಣಹುಲ್ಲಿಗೆ ಒಂದು ಕಿಡಿ ಸಾಕು. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಅಧಿನಿಯಮದಂತೆ ಅಪರಾಧ. ಆದುದರಿಂದ ಅನುಮತಿಯಿರುವ ತಾಣದಲ್ಲಿ, ಅನುಮತಿಯಿರುವ ಒಲೆಗುಂಡಿಯಲ್ಲಿ ಮಾತ್ರ ಬೆಂಕಿ ಇರಬೇಕು; ಮಲಗುವ ಮುನ್ನ ಬೂದಿ ಕೈಗೆ ತಣ್ಣಗಾಗುವವರೆಗೆ ನೀರು ಸುರಿಯಬೇಕು. ಉಳಿದೆಡೆಗಳಲ್ಲಿ ಲಾಟೀನೋ ಬ್ಯಾಟರಿಯ ದೀಪವೋ ಸಾಕು. ಕಥೆಗೆ ಬೇಕಾದುದು ಬೆಳಕಿನ ಸುತ್ತ ಕುಳಿತ ಜನ, ಬೆಳಕು ಯಾವುದಾದರೇನು?

ಸದ್ದಿನ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಕೆಲವರು ಕಾಡಿನಂಚಿಗೆ ಧ್ವನಿವರ್ಧಕಗಳನ್ನು ಹೊತ್ತುಕೊಂಡು ಹೋಗಿ ನಡುರಾತ್ರಿಯವರೆಗೆ ಕುಣಿಯುವುದುಂಟು. ಅದು ಮನರಂಜನೆಯಲ್ಲ, ಇತರರ ಮನೆಗೆ ನುಗ್ಗಿ ಮಾಡುವ ಗಲಭೆ. ಇರುಳಿನಲ್ಲಿ ಮೇಯುವ, ಬೇಟೆಯಾಡುವ, ಮರಿಗಳನ್ನು ಕಾಯುವ ಪ್ರಾಣಿಗಳಿಗೆ ಕಿವಿಯೇ ಕಣ್ಣು. ಪಕ್ಕದ ಡೇರೆಯವರ ನಿದ್ರೆಗೂ ಹಳ್ಳಿಗರ ದಣಿವಿಗೂ ಬೆಲೆಯುಂಟು. ಕೂಡಿ ಕುಳಿತವರಿಗೆ ಮಾತ್ರ ಕೇಳುವಷ್ಟೇ ದನಿಯಲ್ಲಿ ಆಡಬಹುದಾದ ಆಟಗಳೇ ಬಿಡಾರಕ್ಕೆ ತಕ್ಕ ಆಟಗಳು.

ಈ ಅಭಿಪ್ರಾಯಕ್ಕೆ ಆಕ್ಷೇಪಗಳಿಲ್ಲದಿಲ್ಲ. ‘ಇದೆಲ್ಲ ಹಿಂದಿನ ಕಾಲದ ಹಂಬಲ’ ಎಂದು ಕೆಲವರು ಹೇಳಬಹುದು. ಹಿಂದಿನ ಕಾಲವೆಲ್ಲ ಸುಖದ್ದಾಗಿರಲಿಲ್ಲ. ಚಕ್ಕಡಿಯ ಯಾತ್ರೆಯಲ್ಲಿ ರೋಗವಿತ್ತು, ದಣಿವಿತ್ತು. ಗಂಡಸರು ಪದ ಹಾಡುತ್ತಿದ್ದಾಗ ಹೆಂಗಸರು ಹೊಗೆಯಲ್ಲಿ ಒಲೆ ಊದುತ್ತಿದ್ದರು. ಇಂದಿನ ಬಿಡಾರದಲ್ಲಿಯೂ ತಾಯಿಯೊಬ್ಬಳು ಪಾತ್ರೆ ತಿಕ್ಕುತ್ತಿರುವಾಗ ಉಳಿದವರು ಕವಡೆ ಹಾಕುತ್ತಿದ್ದರೆ ಅದನ್ನು ಕುಟುಂಬದ ಸಂಜೆಯೆಂದು ಕರೆಯಲಾಗದು. ತರಕಾರಿ ಹೆಚ್ಚುವುದರಿಂದ ಪಾತ್ರೆ ತೊಳೆಯುವವರೆಗಿನ ಕೆಲಸವನ್ನು ಎಲ್ಲರೂ ಹಂಚಿಕೊಂಡು, ಎಲ್ಲರೂ ಒಟ್ಟಿಗೆ ಬಿಡುವಾಗಬೇಕು. ಹಿಂದಿನ ಆಟಗಳನ್ನು ಉಳಿಸಿಕೊಳ್ಳುವಾಗ ಹಿಂದಿನ ಅನ್ಯಾಯವನ್ನು ಉಳಿಸಿಕೊಳ್ಳಬೇಕಾಗಿಲ್ಲ.

‘ಮೊಬೈಲು ಇಲ್ಲದಿದ್ದರೆ ಮಕ್ಕಳಿಗೆ ಬೇಸರವಾಗುತ್ತದೆ’ ಎಂಬುದು ಇನ್ನೊಂದು ಆಕ್ಷೇಪ. ಬೇಸರವಾಗುವುದು ನಿಜ. ಆದರೆ ಬೇಸರವು ರೋಗವಲ್ಲ, ಅದು ಹಸಿವಿನಂತೆ. ಹಸಿದವನು ಊಟವನ್ನು ಹುಡುಕುವಂತೆ ಬೇಸತ್ತವನು ಆಟವನ್ನು ಹುಡುಕುತ್ತಾನೆ. ಮೊದಲ ಅರ್ಧ ಗಂಟೆಯನ್ನು ತಾಳ್ಮೆಯಿಂದ ದಾಟಿದರೆ ಹುಡುಗರು ತಾವೇ ಹರಳು ಆಯಲು ಹೊರಡುತ್ತಾರೆ. ಮೊಬೈಲನ್ನು ಮನೆಯಲ್ಲಿಯೇ ಬಿಟ್ಟು ಬರಬೇಕೆಂದೂ ಇಲ್ಲ. ಅಪಾಯದ ಹೊತ್ತಿನಲ್ಲಿ ಸಹಾಯ ಕೋರಲು, ದಾರಿ ತಪ್ಪಿದಾಗ ನಕ್ಷೆ ನೋಡಲು ಅದು ಬೇಕು. ಅಜ್ಜಿಯು ಹೇಳುವ ಕಥೆಯನ್ನು ಆಕೆಯ ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಳ್ಳಲೂ ಅದು ಉಪಯುಕ್ತ. ಉಪಕರಣವು ಚೀಲದಲ್ಲಿ ಇರಬೇಕು. ಕೂಟದ ನಡುವೆ ಕುಳಿತಿರಬಾರದು.

ಹೀಗೆ ಕಳೆದ ಸಂಜೆಗಳು ಬಿಡಾರದೊಡನೆ ಮುಗಿಯುವುದಿಲ್ಲ. ಡೇರೆ ಬಿಚ್ಚಿ, ಗೂಟ ಕಿತ್ತು, ಕಸವನ್ನೆಲ್ಲ ಆಯ್ದು ಚೀಲಕ್ಕೆ ತುಂಬಿ ಊರಿಗೆ ಮರಳಿದ ಮೇಲೂ ಕಲಿತ ಆಟ ಜೊತೆಯಲ್ಲಿ ಬರುತ್ತದೆ. ಬಿಡಾರಕ್ಕೆ ಹೋಗಲು ಹಣವೂ ಕಾರೂ ಇಲ್ಲದ ಮನೆಗಳೇ ನಾಡಿನಲ್ಲಿ ಹೆಚ್ಚು. ಆದರೆ ಮನೆಯ ಜಗಲಿಗೆ, ಮಾಳಿಗೆಗೆ, ಹೊಲದ ಕಣಕ್ಕೆ ಹೋಗಲು ಹಣ ಬೇಕಾಗಿಲ್ಲ. ಹುಣಸೆಬೀಜಕ್ಕೂ ನಕ್ಷತ್ರಕ್ಕೂ ಬೆಲೆ ತೆರಬೇಕಾಗಿಲ್ಲ. ಮಳೆಗಾಲದ ಒಂದು ಇರುಳು ವಿದ್ಯುತ್ತು ಕೈಕೊಟ್ಟಾಗ ಒಬ್ಬ ಹುಡುಗನು ದೀಪ ಹಚ್ಚಿ, ನೆಲದ ಮೇಲೆ 25 ಮನೆ ಬರೆದು, ಮೂಲೆಯಲ್ಲಿ ಬರಿಗೈಯಲ್ಲಿ ಕುಳಿತಿದ್ದ ಅಜ್ಜಿಯ ಅಂಗೈಗೆ ನಾಲ್ಕು ಕವಡೆಗಳನ್ನು ಇಟ್ಟು, ‘ಮೊದಲ ಆಟ ನಿಮ್ಮದು ಅಜ್ಜಿ’ ಎಂದರೆ, ಆ ಮನೆಯಲ್ಲಿ ಬಿಡಾರದ ಸಂಜೆ ಮತ್ತೆ ಮೊದಲಾಯಿತೆಂದೇ ತಿಳಿಯಬೇಕು.